ಮಾರ್ಲಾ ಎಸೆದ ಹಳದಿ ಬಟ್ಟೆ

ನನ್ನ ಅಕ್ಕನ ಮಗಳು ಮಾರ್ಲಾ ವೊಂಡ್ರಾ ಮಂಗಳವಾರ ದನಗಳ ಹರಾಜು ಕೂಗುತ್ತಿದ್ದಳು. ಶುಕ್ರವಾರ ಕಪ್ಪುಬಿಳಿ ಪಟ್ಟೆಯ ಅಂಗಿ ತೊಟ್ಟು, ಶಾಲೆಯ ಹುಡುಗರು ಚೆಂಡು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲ್ ಮೈದಾನದಲ್ಲಿ ತೀರ್ಪು ಕೊಡುತ್ತಿದ್ದಳು. ಎರಡೂ ಒಂದೇ ಕೆಲಸ ಎನ್ನುವುದು ಅವಳ ವಾದ. ಹರಾಜಿನ ಕೊಟ್ಟಿಗೆಯಲ್ಲಿ ಬೆಂಚು ತುಂಬ ಜನ ಕೂತಿರುತ್ತಾರೆ. ಒಬ್ಬ ಟೋಪಿಯ ಅಂಚು ಮುಟ್ಟುತ್ತಾನೆ, ಇನ್ನೊಬ್ಬ ಹುಬ್ಬು ಹಾರಿಸುತ್ತಾನೆ. ಅದರಲ್ಲಿ ಯಾವುದು ಕೂಗು, ಯಾವುದು ನೊಣ ಓಡಿಸಿದ್ದು ಎಂದು ನೋಡಿದ ಕ್ಷಣದಲ್ಲೇ ಗೊತ್ತಾಗಬೇಕು. ಅನುಮಾನ ಪಟ್ಟುಕೊಂಡು ನಿಂತರೆ ದನವೂ ಹೋಯಿತು, ಗಿರಾಕಿಯೂ ಹೋದ.

ಅವಳ ಅಪ್ಪ ಎಮಿಲ್ ಭಾವ ನಮ್ಮ ನೆಬ್ರಾಸ್ಕದ ಈ ಮೂಲೆಯಲ್ಲಿ ಮೂವತ್ತು ವರ್ಷ ರೆಫರಿಯಾಗಿದ್ದವನು. ಮುಖ್ಯ ರೆಫರಿಯ ಬಿಳಿ ಟೋಪಿ ಹಾಕಿಕೊಂಡು ಮೈದಾನಕ್ಕೆ ಇಳಿದನೆಂದರೆ ಎರಡೂ ಊರಿನ ಕೋಚುಗಳು ದನಿ ತಗ್ಗಿಸುತ್ತಿದ್ದರು. ಮಂಡಿ ಸವೆದ ಮೇಲೆ ಬಿಟ್ಟ. ಮಾರ್ಲಾಗೆ ಆಟದ ಕಾನೂನು ಹೇಳಿಕೊಟ್ಟವನು ಅವನೇ. ಅಕ್ಕ ಬದುಕಿದ್ದಾಗ ಅಡಿಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಸಾಲಾಗಿ ಇಟ್ಟು, "ಇವನು ಓಡ್ತಾನೆ, ಇವನು ಅಡ್ಡ ಬರ್ತಾನೆ, ಈಗ ನೀನು ಎಲ್ಲಿ ನೋಡ್ತೀಯ?" ಎಂದು ಕೇಳುತ್ತಿದ್ದ. ಅಕ್ಕ ಬಂದು, "ಮೊದ್ಲು ಸಾರಿಗೆ ಉಪ್ಪು ಬೇಕು, ಆಮೇಲೆ ಓಡ್ಲಿ," ಎಂದು ಡಬ್ಬಿ ಕಿತ್ತುಕೊಂಡು ಹೋಗುತ್ತಿದ್ದಳು.

ಭಾವನ ಒಂದು ಮಾತಿತ್ತು. "ಬಾವುಟ ಜೇಬಲ್ಲಿರೋದು ಎಸೆಯೋಕಲ್ಲ, ಎಸೆಯದೇ ಇರೋಕೆ." ತಪ್ಪು ಕಂಡಾಗ ತೀರ್ಪುಗಾರರು ನೆಲಕ್ಕೆಸೆಯುವ ಹಳದಿ ಬಟ್ಟೆಯ ತುಂಡಿಗೆ ನಾವು ಬಾವುಟ ಎನ್ನುತ್ತೇವೆ. ಅದು ಹೆಚ್ಚು ತಂಟೆ ಮಾಡುವುದು ಕಿಕ್ಕಿನ ಹೊತ್ತಿನಲ್ಲಿ. ಎದುರು ತಂಡ ಚೆಂಡನ್ನು ದೂರ ಒದೆಯುತ್ತದೆ. ನಮ್ಮವನೊಬ್ಬ ಅದನ್ನು ಹಿಡಿದು ವಾಪಸ್ ಓಡಿ ಬರುತ್ತಾನೆ. ಉಳಿದ ಹುಡುಗರು ಅವನ ಮುಂದೆ ಅಡ್ಡಗಟ್ಟಿ ದಾರಿ ಬಿಡಿಸುತ್ತಾರೆ. ಎದೆ ಕೊಡಬಹುದು, ಭುಜ ಕೊಡಬಹುದು, ಬಿಚ್ಚಿದ ಅಂಗೈಯಿಂದ ತಳ್ಳಬಹುದು. ಮುಷ್ಟಿಯಲ್ಲಿ ಅಂಗಿ ಹಿಡಿದು ಜಗ್ಗುವಂತಿಲ್ಲ. ಪುಸ್ತಕದಲ್ಲಿ ಇಷ್ಟೇ. ಆದರೆ ಇಪ್ಪತ್ತೆರಡು ಹುಡುಗರು ಮೈದಾನದ ತುಂಬ ಹರಡಿಕೊಂಡು ಗುದ್ದಾಡುವಾಗ ಎಲ್ಲೋ ಒಂದು ಮುಷ್ಟಿ ಯಾವುದೋ ಅಂಗಿಯನ್ನು ಹಿಡಿದೇ ಇರುತ್ತದೆ. ಎಲ್ಲದಕ್ಕೂ ಬಾವುಟ ಎಸೆಯುತ್ತ ಹೋದರೆ ಶುಕ್ರವಾರದ ಆಟ ಸೋಮವಾರ ಮುಗಿಯುತ್ತದೆ. ಹಾಗಾಗಿ ಒಳ್ಳೆಯ ತೀರ್ಪುಗಾರ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಹಿಡಿದದ್ದರಿಂದ ಓಟಗಾರನಿಗೆ ದಾರಿ ಸಿಕ್ಕಿತೇ, ಇಲ್ಲವೇ? ಸಿಗದಿದ್ದರೆ ಹುಡುಗನನ್ನು ಗದರಿಸಿ ಬಿಟ್ಟುಬಿಡುವುದು.

ಆ ಅಕ್ಟೋಬರಿನಲ್ಲಿ ನಮ್ಮ ಕೋಲಿನ್ ಊರಿಗೂ ಎಲ್ಡೊರ್ಫಿಗೂ ಆಟವಿತ್ತು. ಎರಡೂರಿನ ನಡುವೆ ಒಂದು ನದಿ, ಒಂದು ಸೇತುವೆ, ಅಜ್ಜಂದಿರ ಕಾಲದ ಹಗೆ. ತೀರ್ಪುಗಾರರ ತಂಡದಲ್ಲೊಬ್ಬ ಹಿಂದಿನ ದಿನ ಏಣಿಯಿಂದ ಬಿದ್ದು ಕೈ ಮುರಿದುಕೊಂಡ. ಬದಲಿಗೆ ಸಿಕ್ಕಿದವಳು ಮಾರ್ಲಾ ಒಬ್ಬಳೇ. ಅವಳು ನಮ್ಮೂರಲ್ಲೇ ಹುಟ್ಟಿ ಬೆಳೆದವಳು ಎಂದು ಎಲ್ಡೊರ್ಫಿನ ಕೋಚು ಮೊದಲು ಮುಖ ಸಿಂಡರಿಸಿದ. ಆಮೇಲೆ, "ಎಮಿಲ್‌ನ ಮಗಳು ತಾನೇ, ಆಗ್ಲಿ," ಎಂದನಂತೆ. ನಮ್ಮ ಕೋಚು ಡಗ್ ಸೀವರ್ಸ್ ಅಂತೂ ಒಳಗೊಳಗೇ ಖುಷಿಪಟ್ಟಿದ್ದ.

ನಾನು ಧಾನ್ಯದ ಗೋದಾಮಿನಲ್ಲಿ ತೂಕ ನೋಡುವವನು. ಊರಿನಲ್ಲಿ ಆಟ ನಡೆದಾಗ ಮೈದಾನದ ಅಂಚಿನಲ್ಲಿ ಗಜ ಅಳೆಯುವ ಸರಪಳಿ ಹಿಡಿಯುವುದೂ ನಾನೇ. ಮಾರ್ಲಾಗೆ ಆ ದಿನ ಸಿಕ್ಕಿದ ಜಾಗ, ಜನ ಕೂರುವ ಬೆಂಚುಗಳಿಗೆ ಎದುರಿನ ನಮ್ಮ ಅಂಚೇ. ಹಾಗಾಗಿ ನಾನು ಕಂಡದ್ದು, ಕೇಳಿದ್ದು ಎಲ್ಲ ಹತ್ತಿರದಿಂದ.

ನಮ್ಮ ಮೈದಾನಕ್ಕೆ ದೀಪವಿಲ್ಲ, ಆಟ ಮಧ್ಯಾಹ್ನವೇ. ಬಿಸಿಲಿತ್ತು, ಗಾಳಿಯಿತ್ತು, ಕೊಯ್ಲಾದ ಜೋಳದ ಹೊಲದಿಂದ ಒಣ ಗರಿಯ ರವದಿ ಹಾರಿ ಬಂದು ಹುಡುಗರ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಮಾರ್ಲಾ ಆಟಕ್ಕೆ ಮುಂಚೆ ನಮ್ಮ ಹತ್ತಿರ ಬಂದು, "ಆಲ್ವಿನ್ ಮಾವ, ನಾನು ಇಲ್ಲಿ ನಿನ್ನ ಸೊಸೆ ಅಲ್ಲ. ಮಾತಾಡಿಸ್ಬೇಡ, ತಿಂಡಿ ಕೊಡ್ಬೇಡ," ಎಂದಳು.

"ಕೊಡೋಕೆ ಏನಿದೆ ನನ್ನ ಹತ್ರ?"

"ಜೇಬು ಉಬ್ಬಿದೆ. ಡೊರೀನ್ ಹೋಟೆಲ್ ಬನ್ನು ತಾನೇ ಅದು," ಎಂದು ಹೇಳಿ ತನ್ನ ಜಾಗಕ್ಕೆ ಹೋದಳು. ಕಣ್ಣು ಅಂಥದ್ದು.

ಮೊದಲ ಅರ್ಧದಲ್ಲಿ ಒಂದು ಘಟನೆಯಾಯಿತು. ನಾವು ಚೆಂಡು ಒದ್ದೆವು, ಎಲ್ಡೊರ್ಫಿನವನು ಹಿಡಿದು ಆಚೆ ಅಂಚಿನ ಕಡೆಗೆ ಓಡಿದ. ಈಚೆ ಅಂಚಿನಲ್ಲಿ, ನಮ್ಮ ಮೂಗಿನ ಕೆಳಗೇ, ಅವರ ಹಸಿರಂಗಿಯ ಹುಡುಗನೊಬ್ಬ ನಮ್ಮ ಹುಡುಗನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಗಿರಗಿಟ್ಟಲೆಯ ಹಾಗೆ ತಿರುಗಿಸಿದ. ಮಾರ್ಲಾ ನೋಡುತ್ತಲೇ ಇದ್ದಳು. ಬಾವುಟ ಹೊರಗೆ ಬರಲಿಲ್ಲ. ಅವನ ಹತ್ತಿರ ಹೋಗಿ, "ಹಸಿರು ಐವತ್ತೆರಡು, ಆ ಕೈ ಈಗ್ಲೇ ಬಿಚ್ಚು. ಓಟ ಈ ಕಡೆ ಬಂದಾಗ ಹೀಗೆ ಮಾಡಿದ್ರೆ ನಿಂಗೆ ನನ್ ಬಾವುಟದ ಬಣ್ಣ ತೋರಿಸ್ತೀನಿ," ಎಂದಳು. ಹುಡುಗ ಕೈ ಬಿಟ್ಟ.

ನಮ್ಮ ಜನ ಬಿಡುತ್ತಾರೆಯೇ. ಬೆಂಚುಗಳಿಂದ ಕೂಗು ಎದ್ದಿತು. ಡಗ್ ಓಡಿ ಬಂದ. "ಮಾರ್ಲಾ, ಅದು ಹಿಡಿತ ಅಲ್ವಾ? ನಮ್ ಹುಡುಗನ ಅಂಗಿ ಹರಿಯೋದೊಂದು ಬಾಕಿ."

"ಹಿಡಿತವೇ."

"ಮತ್ತೆ?"

"ಓಟಗಾರ ಆಚೆ ಅಂಚಲ್ಲಿದ್ದ, ಡಗ್. ನಿನ್ ಹುಡುಗನಿಗೆ ರೆಕ್ಕೆ ಇದ್ರೂ ಅಲ್ಲಿಗೆ ಹೋಗಿ ಮುಟ್ತಿರ್ಲಿಲ್ಲ. ಆಟಕ್ಕೆ ಸಂಬಂಧ ಇಲ್ದ ಹಿಡಿತ."

ಡಗ್ ಗೊಣಗಿಕೊಂಡು ಹೋದ. ಆದರೆ ಊರಿನ ಮುಂದೆ ಅದು ದಾಖಲಾಯಿತು: ಎಲ್ಡೊರ್ಫಿನವರು ಹಿಡಿದರು, ಅವಳು ಬಿಟ್ಟಳು.

ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಎಲ್ಡೊರ್ಫಿನವರು ಚೆಂಡನ್ನು ನಮ್ಮ ಕೊನೆಯ ಗೆರೆ ದಾಟಿಸಿ ಒಂದು ಟಚ್‌ಡೌನ್ ಮಾಡಿ ಅಂಕದಲ್ಲಿ ನಮ್ಮನ್ನು ಹಿಂದೆ ಹಾಕಿದರು. ಇನ್ನು ಅವರು ಒದೆಯಬೇಕು, ನಾವು ಹಿಡಿದು ಓಡಬೇಕು. ಚೆಂಡು ಗಾಳಿಗೆ ತೂಗಿ ನಮ್ಮ ಜೇಸ್‌ನ ಕೈಗೆ ಬಿತ್ತು. ಅವನು ಹದಿನೇಳರ ಸಣಕಲು ಹುಡುಗ, ಓಡಿದರೆ ಮೊಲ. ನೇರವಾಗಿ ನಮ್ಮ ಅಂಚಿಗೇ ಬಂದ. ಮುಂದೆ ಅಡ್ಡಗಟ್ಟಲು ಇದ್ದವನು ನಮ್ಮ ಕೆಂಪಂಗಿಯ ಮೂವತ್ತನಾಲ್ಕನೆಯ ನಂಬರಿನ ಬ್ರಾಕ್ ಕ್ಲೈನ್, ಹಂದಿ ಸಾಕುವ ರೇ ಕ್ಲೈನನ ಮಗ, ಬಾಗಿಲಿನಷ್ಟು ಅಗಲದವನು. ಬ್ರಾಕ್‌ನ ಎದುರಿಗೆ ಹಸಿರಂಗಿಯವನೊಬ್ಬ ಬಂದ. ಇಬ್ಬರೂ ಎದೆಗೆ ಎದೆ ಕೊಟ್ಟದ್ದು ಕಂಡೆ. ಅಷ್ಟರಲ್ಲಿ ಜೇಸ್ ಕಾಲೂರಿ ಒಳಕ್ಕೆ ತಿರುಗಿ, ಅವರಿಬ್ಬರ ಪಕ್ಕದ ಸಂದಿಯಿಂದ ಸರ್ರನೆ ನುಗ್ಗಿದ. ಆಮೇಲೆ ಅವನ ಮುಂದೆ ಹುಲ್ಲು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಊರೇ ಎದ್ದು ನಿಂತಿತು. ನಾನು ಸರಪಳಿಯ ಕೋಲು ಬಿಟ್ಟು ಕುಣಿದೆ. ಅದು ನಮ್ಮ ಕೆಲಸದಲ್ಲಿ ನಿಷಿದ್ಧ, ಆದರೂ ಕುಣಿದೆ.

ಜೇಸ್ ಕೊನೆಯ ಗೆರೆ ದಾಟಿದ ಮೇಲೆ ನೋಡುತ್ತೇನೆ, ಮೈದಾನದ ಮೇಲೆ ಹಳದಿ ಬಟ್ಟೆ ಬಿದ್ದಿದೆ.

ಕೂಗು ಒಮ್ಮೆಲೇ ಇಳಿಯಲಿಲ್ಲ. ಮೊದಲು ನಮ್ಮ ಅಂಚಿನಲ್ಲಿ ಇಳಿಯಿತು, ಆಮೇಲೆ ಎದುರಿನ ಬೆಂಚುಗಳಿಗೆ ಸುದ್ದಿ ಮುಟ್ಟಿ ಅಲ್ಲೂ ಇಳಿಯಿತು. ಮಾರ್ಲಾ ಅವಸರವಿಲ್ಲದೆ ಬಿಳಿ ಟೋಪಿಯ ರೆಫರಿ ವರ್ನ್ ಶುಲ್ಟೆಯ ಹತ್ತಿರ ನಡೆದಳು. ಅಲ್ಲಿ ಆಡಿದ ಮಾತು ಅವಳೇ ನನಗೆ ಆಮೇಲೆ ಹೇಳಿದ್ದು.

"ಏನು?" ಎಂದನಂತೆ ವರ್ನ್.

"ಹಿಡಿತ. ಕೆಂಪು ಮೂವತ್ತನಾಲ್ಕು. ಬಲಗೈ ಮುಷ್ಟಿ ಅವನ ಕಂಕುಳ ಹತ್ರ ಅಂಗಿ ಮೇಲಿತ್ತು. ಹಸಿರಿನವನು ಬಿಡಿಸ್ಕೊಂಡು ಒಳಗೆ ಹೊರಟ, ಇವನು ಜಗ್ಗಿ ನಿಲ್ಲಿಸಿದ."

"ಓಟಗಾರ ಎಲ್ಲಿದ್ದ?"

"ಹಿಂದೇನೇ. ಒಳಕ್ಕೆ ತಿರುಗೋಕೆ ಕಾಲು ಊರ್ತಿದ್ದ. ನುಗ್ಗಿದ್ದು ಅದೇ ಸಂದೀಲಿ."

"ಮಾರ್ಲಾ, ಆಟ ಇಲ್ಲಿಗೆ ಮುಗಿಯುತ್ತೆ ಅಂತ ಗೊತ್ತಲ್ಲ?"

"ಗಡಿಯಾರ ನೋಡೋದು ನನ್ ಕೆಲಸ ಅಲ್ಲ, ವರ್ನ್. ನಾನು ಕಂಡಿದ್ದನ್ನ ಎಸೆದಿದೀನಿ."

ವರ್ನ್ ಮುಂದೆ ಬಂದು ಬೆಂಚುಗಳ ಕಡೆ ತಿರುಗಿ, ಒಂದು ಕೈ ಮುಷ್ಟಿ ಮಾಡಿ ಎತ್ತಿ, ಇನ್ನೊಂದು ಕೈಯಿಂದ ಅದರ ಮಣಿಕಟ್ಟು ಹಿಡಿದು ತೋರಿಸಿದ. ಹಿಡಿತಕ್ಕೆ ಅದೇ ಸಂಜ್ಞೆ. ಟಚ್‌ಡೌನ್ ಹೋಯಿತು. ಹಿಡಿದ ಜಾಗದಿಂದ ಹತ್ತು ಗಜ ಹಿಂದಕ್ಕೆ ಚೆಂಡು ಇಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಡಗ್ ನಮ್ಮ ಅಂಚಿಗೆ ಬಂದು ಮಾರ್ಲಾಳ ಎದುರು ನಿಂತ. ಮುಖ ಬೀಟ್‌ರೂಟಿನ ಹಾಗಾಗಿತ್ತು. ಆದರೆ ದನಿ ಏರಿಸಲಿಲ್ಲ, ಅದನ್ನು ನಾನು ಅವನ ಪರವಾಗಿ ಹೇಳಬೇಕು.

"ಆಗ ಅವರು ಹಿಡಿದಾಗ ಬಿಟ್ಟೆ. ಈಗ ನಾವು ಹಿಡಿದ್ರೆ ಎಸೀತೀಯ. ಒಂದೇ ಹಿಡಿತಕ್ಕೆ ಎರಡು ನ್ಯಾಯನಾ?"

"ಹಿಡಿತ ಒಂದೇ, ಓಟ ಬೇರೆ. ಅವನು ಹಿಡಿದಾಗ ಚೆಂಡು ಅಷ್ಟು ದೂರ ಇತ್ತು. ಬ್ರಾಕ್ ಹಿಡಿದಾಗ ಚೆಂಡು ಅವನ ಬೆನ್ನಿಗೆ ತಾಗೋ ಹಂಗಿತ್ತು. ಹಿಡೀದೇ ಇದ್ರೆ ಜೇಸ್ ಅಲ್ಲೇ ಬೀಳ್ತಿದ್ದ."

"ನಿನಗೆ ಅಷ್ಟು ಗೊತ್ತಾ?"

"ಗೊತ್ತು. ಗೊತ್ತಿಲ್ದಿದ್ರೆ ಬಾವುಟ ಜೇಬಲ್ಲೇ ಇರ್ತಿತ್ತು."

ಉಳಿದ ಹೊತ್ತಿನಲ್ಲಿ ನಮ್ಮವರು ಮುಂದೆ ಹೋಗಲಿಲ್ಲ. ಎಲ್ಡೊರ್ಫಿನವರು ಗಂಟೆ ಬಾರಿಸುತ್ತ ಸೇತುವೆ ದಾಟಿದರು.

ಮಾರನೆಯ ಬೆಳಿಗ್ಗೆ ಡೊರೀನಳ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ರೇ ಕ್ಲೈನ್ ಶಾಲೆಯಿಂದ ಆಟದ ವೀಡಿಯೋ ಟೇಪು ತಂದು ಟಿವಿಗೆ ಹಾಕಿಸಿದ್ದ. ಒಂದೇ ಓಟವನ್ನು ಹಿಂದೆ ಮುಂದೆ ಓಡಿಸಿ ಎಲ್ಲರೂ ನೋಡಿದೆವು. ಕ್ಯಾಮೆರಾ ಇದ್ದದ್ದು ಬೆಂಚುಗಳ ಕಡೆಯ ಮಾಳಿಗೆಯ ಮೇಲೆ. ಅಲ್ಲಿಂದ ಬ್ರಾಕ್‌ನ ಅಗಲವಾದ ಬೆನ್ನು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ.

ಎಮಿಲ್ ಭಾವ ಮೂಲೆಯಲ್ಲಿ ತನ್ನ ಕಾಫಿ ಕುಡಿಯುತ್ತಿದ್ದ. ರೇ ಅವನ ಕಡೆ ತಿರುಗಿದ. "ಎಮಿಲ್, ಮೂವತ್ತು ವರ್ಷ ನೋಡಿದವನು ನೀನು. ಹೇಳು, ಎಲ್ಲಿದೆ ಹಿಡಿತ? ನನ್ ಮಗನ ಕೈ ತೋರ್ಸು ನೋಡೋಣ."

"ಕೈ ಕಾಣಲ್ಲ," ಎಂದ ಭಾವ.

"ಅಷ್ಟೇ. ಎಲ್ರೂ ಕೇಳಿಸ್ಕೊಳ್ಳಿ."

"ಕಾಣಲ್ಲ ಅಂದೆ, ಇಲ್ಲ ಅನ್ಲಿಲ್ಲ. ಕ್ಯಾಮೆರಾ ಈ ಕಡೆ ಇತ್ತು, ಅವಳು ಆ ಕಡೆ ಇದ್ಲು. ನಿನ್ ಮಗನ ಮುಂಭಾಗ ನೋಡಿದ್ದು ಅವಳು, ಹಿಂಭಾಗ ನೋಡಿದ್ದು ನಾವು. ಯಾರನ್ನ ನಂಬ್ತೀಯ?"

"ಮಗಳು ಅಂತ ಅವಳ ಕಡೆ ಮಾತಾಡ್ತಿದೀಯ."

"ಮಗಳು ಅಲ್ದಿದ್ರೆ ಇನ್ನೂ ಜೋರಾಗಿ ಮಾತಾಡ್ತಿದ್ದೆ," ಎಂದು ಹೇಳಿ ಭಾವ ಟೋಪಿ ಹಾಕಿಕೊಂಡು ಎದ್ದ. ನಾನು ಹಿಂದೆಯೇ ಹೋದೆ.

ಟ್ರಕ್ಕಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ಭಾವ ಹೇಳಿದ: "ಆಲ್ವಿನ್, ನಾನಾಗಿದ್ರೆ ಎಸೀತಿರ್ಲಿಲ್ಲ."

ನಾನು ಅವನ ಮುಖ ನೋಡಿದೆ. "ಈಗ ತಾನೇ ಒಳಗೆ ಏನು ಹೇಳ್ದೆ?"

"ಒಳಗೆ ಹೇಳಿದ್ದು ಅವರಿಗೆ. ಇದು ನಿನಗೆ."

ಅವಳಿಗೂ ಹೇಳಿದ. ಭಾನುವಾರ ಮಧ್ಯಾಹ್ನ ನಾವು ಮೂವರೂ ಭಾವನ ಮನೆಯಲ್ಲಿ ಊಟಕ್ಕೆ ಕೂರುವುದು ಅಕ್ಕ ಹೋದ ಮೇಲೂ ತಪ್ಪಿಲ್ಲ. ಹಂದಿಮಾಂಸ, ಹುಳಿ ಎಲೆಕೋಸು, ಹಿಟ್ಟಿನ ಕಡುಬು. ಮಾರ್ಲಾ ಕಡುಬನ್ನು ದಾರದಿಂದ ಕತ್ತರಿಸುತ್ತಿದ್ದಳು, ಅವಳಮ್ಮ ಮಾಡುತ್ತಿದ್ದ ಹಾಗೆಯೇ.

"ಹಿಡಿದಿರ್ಬಹುದು," ಎಂದ ಭಾವ. "ನೀನು ಕಂಡಿದ್ದೀಯ ಅಂದ್ರೆ ಹಿಡಿದಿದಾನೆ. ಅದಲ್ಲ ನನ್ ಮಾತು. ಜೇಸ್ ಹೇಗೂ ದಾಟ್ತಿದ್ದ. ಆ ಹಸಿರು ಹುಡುಗ ಅವನನ್ನ ಹಿಡಿಯೋ ಪೈಕಿ ಅಲ್ಲ."

"ನೀನು ಎಲ್ಲಿ ಕೂತಿದ್ದೆ?"

"ಮೇಲ್ಗಡೆ ಬೆಂಚಲ್ಲಿ."

"ಅಲ್ಲಿಂದ ಜೇಸ್ ಜೋರಾಗಿ ಓಡ್ತಿದ್ದ ಹಾಗೆ ಕಾಣುತ್ತೆ. ತಿರುಗೋಕೆ ಕಾಲೂರಿದಾಗ ಅವನು ನಿಂತೇಬಿಟ್ಟಿದ್ದ ಅಪ್ಪ. ಹಸಿರಿನವನಿಗೆ ಕೈ ಚಾಚಿದ್ರೆ ಸಾಕಾಗಿತ್ತು."

"ಆಟದ ಕೊನೇಲಿ, ಅಂಥಾ ಓಟಕ್ಕೆ, ಒಂದು ಮುಷ್ಟಿ ಅಂಗಿಗೋಸ್ಕರ... ನನಗೆ ಕೈ ಬರ್ತಿರ್ಲಿಲ್ಲ."

ಮಾರ್ಲಾ ಕಡುಬಿನ ತಟ್ಟೆಯನ್ನು ಅವನ ಮುಂದೆ ಇಟ್ಟಳು. "ನನಗೆ ಬಂತು. ಮೊದಲ ಅರ್ಧದಲ್ಲಿ ಎಸೆಯೋದನ್ನ ಕೊನೇಲಿ ಎಸೀದೇ ಇದ್ರೆ ಅದು ಬೇರೆ ಆಟ ಆಗುತ್ತೆ. ಸಾರು ಹಾಕ್ಲಾ?"

"ಹಾಕು."

ಇಷ್ಟು ಹೊತ್ತು ವಾದಿಸಿಯೂ ಇಬ್ಬರೂ ಎರಡೆರಡು ಸಲ ಬಡಿಸಿಕೊಂಡು ಉಂಡರು. ಯಾರೂ ಸೋತ ಹಾಗೆ ಕಾಣಲಿಲ್ಲ.

ಊರಿನ ಸಿಟ್ಟು ಮಾತ್ರ ಅಷ್ಟು ಸುಲಭವಾಗಿ ಜೀರ್ಣವಾಗಲಿಲ್ಲ. ಇನ್ನು ಮೇಲೆ ನಮ್ಮ ದನ ಎಲ್ಡೊರ್ಫಿನ ಹರಾಜಿಗೇ ಹೊಡೆಯುತ್ತೇವೆ ಎಂದು ಕೆಲವರು ಆಡಿಕೊಂಡರು. ಎಲ್ಡೊರ್ಫಿಗೆ ಸೋತದ್ದಕ್ಕೆ ಎಲ್ಡೊರ್ಫಿಗೇ ವ್ಯಾಪಾರ ಕೊಡುವುದು ಎಂಥ ಸೇಡು ಎಂದು ಡೊರೀನ್ ಕೇಳಿದ ಮೇಲೆ ಆ ಮಾತು ಬಿದ್ದುಹೋಯಿತು. ಆದರೆ ಮಂಗಳವಾರ ಹರಾಜಿನ ಕೊಟ್ಟಿಗೆಗೆ ನಾನು ಹೋದಾಗ ಗಾಳಿ ಸರಿಯಿರಲಿಲ್ಲ. ರೇ ಕ್ಲೈನ್ ಮೇಲಿನ ಸಾಲಿನಲ್ಲಿ ನಾಲ್ಕೈದು ಗೆಳೆಯರೊಂದಿಗೆ ಕೂತಿದ್ದ. ಬ್ರಾಕ್ ಪಕ್ಕದಲ್ಲಿದ್ದ, ತಲೆ ಬಗ್ಗಿಸಿಕೊಂಡು.

ಮಾರ್ಲಾ ಕಟ್ಟೆ ಹತ್ತಿ ಮೈಕು ಹಿಡಿದು ಎಂದಿನಂತೆ ಶುರುಮಾಡಿದಳು. ಮೊದಲ ಜೊತೆ ಹೋರಿಗಳು ಬಂದವು. ಅವಳು ಕೂಗು ಕೇಳಿದ ಕೂಡಲೇ ರೇ ಎದ್ದು ನಿಂತು ಒಂದು ಕೈ ಮುಷ್ಟಿ ಮಾಡಿ ಎತ್ತಿ, ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದು ತೋರಿಸಿದ. ಸುತ್ತಲಿದ್ದವರು ನಕ್ಕರು. ಮಾರ್ಲಾ ಅತ್ತ ನೋಡಿ, ಏನೂ ಆಗದವಳಂತೆ ಬೇರೆಯವರ ಕೂಗು ಹಿಡಿದು ಹೋರಿಗಳನ್ನು ಮಾರಿದಳು. ಎರಡನೆಯ ಜೊತೆಗೂ ರೇ ಅದನ್ನೇ ಮಾಡಿದ. ಈಗ ಗೆಳೆಯರೂ ಮಣಿಕಟ್ಟು ಹಿಡಿದರು. ನಗು ದೊಡ್ಡದಾಯಿತು. ನನ್ನ ಪಕ್ಕದಲ್ಲಿದ್ದ ಭಾವ ಎದ್ದೇಳಲು ಹೊರಟ. ನಾನು ತೋಳು ಹಿಡಿದು ಕೂರಿಸಿದೆ.

ಮೂರನೆಯದಾಗಿ ಬಾಗಿಲು ತೆರೆದು ಒಳಗೆ ಬಂದದ್ದು ಒಂದು ಲಾಮಾ. ಯಾರೋ ಕುರಿ ಕಾಯಲೆಂದು ತಂದು ಸಾಕಿದ್ದ ಪ್ರಾಣಿ. ಒಂಟೆಯ ಬಡ ದಾಯಾದಿಯ ಹಾಗಿತ್ತು. ಮುದಿಯಾಗಿತ್ತು, ಒಂದು ಕಡೆಯ ಉಣ್ಣೆ ಉದುರಿತ್ತು, ಬಂದ ಕೂಡಲೇ ಬಾಗಿಲು ಕಾಯುವವನ ಮೇಲೆ ಉಗುಳಿತು. ಮಾರ್ಲಾ ಕೇಳಿದಳು, "ಯಾರು ಶುರು ಮಾಡ್ತೀರಿ?" ಒಬ್ಬರೂ ಕದಲಲಿಲ್ಲ. ರೇ ಮಾತ್ರ ಎದ್ದು ಮುಷ್ಟಿ ಎತ್ತಿ ಮಣಿಕಟ್ಟು ಹಿಡಿದ.

"ಬಂತು," ಎಂದಳು ಮಾರ್ಲಾ. "ಮೇಲಿನ ಸಾಲಿಂದ ಕೂಗು ಬಂತು. ಇನ್ಯಾರಾದ್ರೂ? ಒಂದು ಸಲ... ಎರಡು ಸಲ... ರೇ ಕ್ಲೈನ್‌ಗೆ ಹೋಯ್ತು." ಸುತ್ತಿಗೆ ಬಿತ್ತು.

ಕೊಟ್ಟಿಗೆ ತುಂಬ ಜನ ನಕ್ಕ ನಗು ಎಂಥದ್ದೆಂದರೆ ಹೊರಗಿನ ಕಟ್ಟಿನಲ್ಲಿದ್ದ ಕರುಗಳೆಲ್ಲ ಅರಚಿಕೊಂಡವು. ರೇಯ ಗೆಳೆಯರೇ ಅವನ ಬೆನ್ನು ತಟ್ಟಿ ನಕ್ಕರು.

"ಏಯ್, ನಾನು ಕೂಗಿಲ್ಲ," ಎಂದ ರೇ.

"ಕೈ ಎತ್ತಿದ್ದೆ."

"ಅದು ಕೂಗಲ್ಲ. ಅದು ಏನು ಅಂತ ನಿನಗೂ ಗೊತ್ತು."

"ಹೋರಿಗೆ ಎತ್ತಿದಾಗ ತಮಾಷೆ ಅಂತ ಬಿಟ್ಟೆ, ರೇ. ಅಲ್ಲಿ ಬೇರೆಯವರು ಕೂಗ್ತಿದ್ರು, ನಿನ್ ಕೈಯಿಂದ ಯಾರಿಗೂ ನಷ್ಟ ಇರ್ಲಿಲ್ಲ. ಇಲ್ಲಿ ನೀನೊಬ್ನೇ. ಈ ಕೊಟ್ಟಿಗೇಲಿ ಎತ್ತಿದ ಕೈಗೆ ಒಂದೇ ಅರ್ಥ. ಹಿಂದ್ಗಡೆ ಬಾಗ್ಲಿಗೆ ನಿನ್ ಗಾಡಿ ತಗೊಂಡ್ ಬಾ." ಅಷ್ಟು ಹೇಳಿ ಮುಂದಿನ ಜೊತೆಯನ್ನು ಕರೆದಳು.

ರೇ ಎದ್ದು ಹೋಗಬಹುದಿತ್ತು, ಜಗಳ ತೆಗೆಯಬಹುದಿತ್ತು. ಆದರೆ ಊರೆದುರು ಕೂಗಿ ಹಿಂದೆ ಸರಿದವನು ಎಂಬ ಹೆಸರು ನಮ್ಮ ಕಡೆ ಲಾಮಾಕ್ಕಿಂತ ದುಬಾರಿ. ಅವನು ಎದ್ದು ಗಾಡಿ ತರಲು ಹೋದ.

ಹರಾಜು ಮುಗಿದ ಮೇಲೆ ಹಿಂದುಗಡೆ ಹೋದೆವು, ನಾನು, ಭಾವ, ಮಾರ್ಲಾ. ಬ್ರಾಕ್ ಲಾಮಾವನ್ನು ಗಾಡಿಗೆ ಹತ್ತಿಸಲು ಹೆಣಗುತ್ತಿದ್ದ. ಅದು ಕಾಲೂರಿ ನಿಂತಿತ್ತು. ರೇಯ ಅಂಗಿಯ ಮೇಲೆ ಆಗಲೇ ಹಸಿರು ಉಗುಳು ಬಿದ್ದಿತ್ತು. ಮಾರ್ಲಾಳನ್ನು ಕಂಡು ಅವನು ಕೈ ಒರೆಸಿಕೊಂಡು ಎದುರು ಬಂದ.

"ಈ ಪ್ರಾಣಿ ವಿಷಯ ಬಿಡು. ತಮಾಷೆ ಮಾಡ್ದೆ, ತಮಾಷೆ ಅನುಭವಿಸ್ತೀನಿ. ಆದ್ರೆ ಊರೆಲ್ಲ ನನ್ ಮಗನಿಂದ ಆಟ ಹೋಯ್ತು ಅಂತಿದೆ. ಅವನ ಮುಖ ನೋಡ್ಕೊಂಡು ಹೇಳು, ಹಿಡಿದ್ನಾ?"

"ನಾನು ಹೇಳಿ ಆಗಿದೆ. ಬೇಕಾದ್ರೆ ಅವನನ್ನೇ ಕೇಳು," ಎಂದಳು ಮಾರ್ಲಾ.

ಅವನನ್ನು ಕೇಳಬಹುದೆಂದು ರೇಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ ಎಂದು ಕಾಣುತ್ತದೆ. ಮಗನ ಕಡೆ ತಿರುಗಿದ. ಬ್ರಾಕ್ ಲಾಮಾದ ಹಗ್ಗವನ್ನು ಬಿಡದೆ ನಿಂತಿದ್ದ.

"ಹಿಡಿದೆ," ಎಂದ.

"ಏನು?"

"ಹಿಡಿದೆ ಅಪ್ಪ. ಕಂಕುಳ ಹತ್ರ. ಅವನು ನನ್ನಿಂದ ಜಾರಿ ಒಳಗೆ ಹೋಗ್ತಿದ್ದ, ಜೇಸ್ ಅಲ್ಲೇ ತಿರುಗ್ತಿದ್ದ. ಬಿಟ್ಟಿದ್ರೆ ಬೀಳಿಸ್ತಿದ್ದ. ಅದಕ್ಕೇ ಹಿಡಿದೆ."

"ಮೂರು ದಿನದಿಂದ ನಾನು ಊರ ತುಂಬ ಜಗಳ ಆಡ್ಕೊಂಡು ಬರ್ತಿದೀನಿ. ಒಂದು ಮಾತು ಹೇಳೋಕಾಗಲ್ವಾ ನಿಂಗೆ?"

"ನೀನು ಕೇಳ್ಲೇ ಇಲ್ವಲ್ಲ. ಹಿಡಿದಿಲ್ಲ ಅಂತ ನೀನೇ ಹೇಳ್ತಾ ಇದ್ದೆ."

ರೇ ಗಾಡಿಯ ಅಂಚಿಗೆ ಒರಗಿದ. ಸ್ವಲ್ಪ ಹೊತ್ತಿನ ಮೇಲೆ ಅವನ ಹೊಟ್ಟೆ ಕುಲುಕಲು ಶುರುವಾಯಿತು. ನಗುತ್ತಿದ್ದಾನೆಂದು ನಮಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. "ಹಿಡೀರಿ ಮಾರಾಯ್ರೆ ಎಲ್ರೂ," ಎಂದ, "ಇದನ್ನಾದ್ರೂ ಹಿಡೀಬಹುದು ತಾನೇ?" ನಾವೈವರೂ ಸೇರಿ ಲಾಮಾವನ್ನು ಹಿಂದಿನಿಂದ ತಳ್ಳಿ ಹತ್ತಿಸಿದೆವು.

ಗಾಡಿ ಹೊರಟ ಮೇಲೆ ಭಾವ ಅಲ್ಲೇ ನಿಂತು ಮೀಸೆ ತಿರುವಿದ. "ಬಿಟ್ಟಿದ್ರೆ ಬೀಳಿಸ್ತಿದ್ದ ಅಂದ ಹುಡುಗ."

"ಕೇಳಿಸ್ಕೊಂಡೆ," ಎಂದಳು ಮಾರ್ಲಾ.

"ಹಾಗಿದ್ರೆ ನಾನೂ ಎಸೀತಿದ್ದೆ. ಅಲ್ಲಿ ನಿಂತಿದ್ರೆ."

"ಚೆನ್ನಾಯ್ತು."

"ಅಷ್ಟೇನಾ? ಅಪ್ಪ ಒಪ್ಕೊಂಡ ಅಂತ ಸಂತೋಷ ಇಲ್ವಾ?"

"ಇದೆ ಅಪ್ಪ. ಆದ್ರೆ ಬ್ರಾಕ್ ಇವತ್ತು ಒಪ್ದೇ ಇದ್ದಿದ್ರೂ ಅದು ಹಿಡಿತವೇ ಆಗಿರ್ತಿತ್ತು. ನಾನು ಶುಕ್ರವಾರ ರಾತ್ರೀನೇ ಚೆನ್ನಾಗಿ ನಿದ್ದೆ ಮಾಡಿದ್ದೆ."

ಭಾವ ನನ್ನ ಕಡೆ ನೋಡಿದ. ಆ ನೋಟದಲ್ಲಿ ಸ್ವಲ್ಪ ಮುಖಭಂಗವೂ, ಅದಕ್ಕಿಂತ ಹೆಚ್ಚಿಗೆ ಹೆಮ್ಮೆಯೂ ಇತ್ತು. ತನ್ನ ಕಾಲದಲ್ಲಿ ಎಷ್ಟೋ ಆಟ ಮುಗಿದ ಮೇಲೆ ಅವನು ಮಂಚದ ಮೇಲೆ ಹೊರಳಾಡಿದ್ದನ್ನು ಅಕ್ಕ ನನಗೆ ಹೇಳಿದ್ದಳು.

ಬುಧವಾರ ಡಗ್ ಸೀವರ್ಸ್ ಹರಾಜಿನ ಕಚೇರಿಗೇ ಬಂದ. ಕ್ಷಮೆ ಕೇಳುವ ಜಾತಿಯವನಲ್ಲ. "ಮುಂದಿನ ವಾರದಿಂದ ಸೋತವರು ಮನೆಗೆ ಹೋಗೋ ಆಟಗಳು," ಎಂದ. "ನೀನು ನಮ್ಮ ಆಟಕ್ಕೆ ಬರಲ್ಲ ಅಂತ ಗೊತ್ತು. ಆದ್ರೆ ನಿನ್ನ ಥರದ ಕಣ್ಣಿರೋರು ಬರ್ತಾರಲ್ಲ. ಹುಡುಗರಿಗೆ ಒಂದಿಷ್ಟು ಹೇಳ್ತೀಯಾ?"

"ಎಲ್ಡೊರ್ಫಿನವರು ಕರೆದ್ರೆ ಅವರಿಗೂ ಹೇಳ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು."

"ಅವರು ಕರೆಯಲ್ಲ. ಅವರಿಗೆ ಜಂಬ."

ಗುರುವಾರ ಶಾಲೆ ಬಿಟ್ಟ ಮೇಲೆ ಅವಳು ಮೈದಾನಕ್ಕೆ ಹೋದಳು. ನಾನೂ ಗೋದಾಮಿನ ಕೆಲಸ ಬೇಗ ಮುಗಿಸಿ ಹೋಗಿದ್ದೆ. ಅವಳು ಬ್ರಾಕ್‌ನನ್ನು ಮುಂದೆ ಕರೆದು, ತಾನೇ ಅವನ ಎದುರು ನಿಂತಳು. ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು.

"ಕೈ ನನ್ ಭುಜದ ಒಳಗಿಡು. ಹಾಂ, ಬಿಚ್ಚಿದ ಕೈ. ಈಗ ನನ್ ಎದೆ ನಿನ್ ಎದುರಿಗಿದೆ, ಎಷ್ಟು ಬೇಕಾದ್ರೂ ತಳ್ಳು, ನಾನು ಮಾತಾಡಲ್ಲ. ಈಗ ನೋಡು, ನಾನು ತಿರುಗ್ತಿದೀನಿ. ನನ್ ಭುಜ ನಿನ್ನ ದಾಟ್ತು. ಇಲ್ಲೇ ನಿನ್ ಬೆರಳು ಮಡಚಿಕೊಳ್ಳುತ್ತೆ, ನೋಡು, ಮಡಚ್ತಾ ಇದೆ. ಈ ಗಳಿಗೇಲಿ ಕೈ ತೆಗೆದು ಕಾಲು ಓಡಿಸ್ಬೇಕು. ನನ್ ಮುಂದೆ ಬಂದು ನಿಂತ್ಕೋ."

"ಕಾಲು ಸಾಕಾಗ್ದಿದ್ರೆ?" ಎಂದ ಬ್ರಾಕ್.

"ಆಗ ನಾನು ಹೋಗಿ ನಿಮ್ ಜೇಸ್‌ನ ಬೀಳಿಸ್ತೀನಿ. ಅವನೂ ಮನುಷ್ಯನೇ, ಒಂದ್ಸಲ ಬೀಳ್ಲಿ. ಚೆಂಡು ನಿಮ್ಮದೇ ಇರುತ್ತೆ."

ಜೇಸ್ ದೂರದಿಂದ, "ನನಗೇನೂ ಅಭ್ಯಂತರ ಇಲ್ಲ," ಎಂದ. ಹುಡುಗರು ನಕ್ಕರು. ಕತ್ತಲಾಗುವವರೆಗೂ ಬ್ರಾಕ್ ಅದನ್ನೇ ಮಾಡಿದ: ತಳ್ಳು, ಬಿಡು, ಓಡು. ಮೊದಮೊದಲು ಬೆರಳು ಮಡಚಿಕೊಳ್ಳುತ್ತಲೇ ಇತ್ತು. ಆಮೇಲಾಮೇಲೆ ಕಾಲು ಚುರುಕಾಯಿತು.

ನಮ್ಮ ಹುಡುಗರು ಆ ಸಲ ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತರು. ಬಾವುಟದಿಂದಲ್ಲ, ಎದುರಿನವರು ನಮಗಿಂತ ಚೆನ್ನಾಗಿ ಆಡಿದರು. ಊರೂ ಹಾಗೆಯೇ ಒಪ್ಪಿಕೊಂಡಿತು.

ಇವೆಲ್ಲದರ ನಡುವೆ ಒಂದು ಮಧ್ಯಾಹ್ನ ಮಾರ್ಲಾ ಪಶ್ಚಿಮದ ಯಾವುದೋ ಊರಿನ ಆಟಕ್ಕೆ ಹೋಗಿದ್ದಳು. ನಾನೂ ಭಾವನೂ ಅವನ ಅಡಿಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದೆವು. ಮೊದಲ ಕಿಕ್ಕನ್ನೇ ಹಿಡಿದವನು ಅರ್ಧ ಮೈದಾನ ಓಡಿದ. ವರದಿ ಹೇಳುವವನ ದನಿ ಏರಿ, ಏರಿ, ಮತ್ತೆ ಇಳಿಯಿತು. ಅಂಚಿನಲ್ಲಿ ಬಾವುಟ ಬಿದ್ದಿದೆ, ಹಾಕಿದವಳು ಆ ಹೆಣ್ಣುಮಗಳು ಎಂದ. ಹಿಂದೆ ಜನರ ಬೈಗುಳ ಕೇಳಿಸುತ್ತಿತ್ತು.

ಭಾವ ಕುರ್ಚಿ ಎಳೆದುಕೊಂಡು ರೇಡಿಯೋಗೆ ಕಿವಿಕೊಟ್ಟ. "ಸುಮ್ನಿರೋ," ಎಂದು ವರದಿಗಾರನನ್ನೇ ಗದರಿದ. "ಬೈಯೋದು ಆಮೇಲೆ ಬೈಲಿ. ಓಟಗಾರ ಎಲ್ಲಿದ್ದ, ಅದನ್ನ ಹೇಳು ಮೊದ್ಲು."